ಗಾರೆ ನೆಲದ ಕೆಂಪು ಉಗುರಿನ ಮೇಲೆ: ಮನೆಯಲ್ಲೇ ನೇಲ್ ಪಾಲಿಶ್ ತಯಾರಿಸುವ ಸಮಗ್ರ ಮಾರ್ಗದರ್ಶಿ

ನನ್ನ ಅಜ್ಜಿಯ ಮನೆಯ ಪಡಸಾಲೆಗೆ ಕೆಂಪು ಗಾರೆ ನೆಲವಿತ್ತು. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಿಂದ ತೀಡಿ ನಯಮಾಡಿದ ಆ ನೆಲ ವರ್ಷಗಟ್ಟಲೆ ಒರೆಸಿಕೊಂಡು, ತುಳಿಸಿಕೊಂಡು ಹೊಳಪು ಪಡೆದಿತ್ತು. ಅದರ ಬಣ್ಣ ಇಟ್ಟಿಗೆಗಿಂತ ಗಾಢ, ಕುಂಕುಮಕ್ಕಿಂತ ಮಂದ. ಮಧ್ಯಾಹ್ನದ ಬಿಸಿಲು ಬಿದ್ದಲ್ಲಿ ಮಾತ್ರ ಸ್ವಲ್ಪ ಕಿತ್ತಳೆಯ ಕಡೆಗೆ ತಿರುಗುತ್ತಿತ್ತು. ಆ ಕೆಂಪನ್ನು ಉಗುರಿಗೆ ಹಚ್ಚಿಕೊಳ್ಳಬೇಕೆಂಬ ಆಸೆಯಿಂದ ಅಂಗಡಿ ಅಂಗಡಿ ಅಲೆದರೂ ಸಿಕ್ಕಿದ್ದೆಲ್ಲ ಒಂದೋ ಮರೂನ್, ಇಲ್ಲವೇ ಗುಲಾಬಿ ಬೆರೆತ ಕೆಂಪು. ಕೊನೆಗೆ ಆ ಬಣ್ಣವನ್ನು ನಾನೇ ಕೂಡಿಸಲು ಕಲಿತೆ. ನೆಲಕ್ಕೆ ಕೆಂಪು ಕೊಡುವ ಕಬ್ಬಿಣದ ಆಕ್ಸೈಡೇ, ಶುದ್ಧೀಕರಿಸಿದ ರೂಪದಲ್ಲಿ, ನೇಲ್ ಪಾಲಿಶ್‌ಗೂ ಬಣ್ಣ ಕೊಡುತ್ತದೆ ಎಂಬುದು ತಿಳಿದ ಮೇಲೆ ದಾರಿ ಸುಲಭವಾಯಿತು. ಆ ಒಂದು ಬಣ್ಣವನ್ನೇ ಉದಾಹರಣೆಯಾಗಿಟ್ಟುಕೊಂಡು, 10 ಮಿಲಿಲೀಟರಿನ ಒಂದು ಬಾಟಲಿ ತಯಾರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನೆಯಲ್ಲಿ ನಾವು ತಯಾರಿಸಬಹುದಾದದ್ದು ಬಣ್ಣವನ್ನು. ಅದನ್ನು ಹೊತ್ತು ನಿಲ್ಲುವ ಪಾರದರ್ಶಕ ದ್ರವವನ್ನು, ಅಂದರೆ ಬೇಸನ್ನು, ಕೊಂಡು ತರುವುದೇ ಸರಿ. ಏಕೆ ಎನ್ನುವುದು ಬಾಟಲಿಯೊಳಗೆ ಏನಿದೆ ಎಂದು ತಿಳಿದರೆ ಅರ್ಥವಾಗುತ್ತದೆ.

ಬಾಟಲಿಯೊಳಗೆ ಏನಿದೆ

ಸಾಮಾನ್ಯ ನೇಲ್ ಪಾಲಿಶ್‌ನ ಬಹುಪಾಲು, ಸುಮಾರು ಶೇ 70ರಷ್ಟು, ಆವಿಯಾಗಿ ಹೋಗುವ ದ್ರಾವಕಗಳು. ಅವುಗಳಲ್ಲಿ ಮುಖ್ಯವಾದವು ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್. ಮೊದಲನೆಯದು 77 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವಂಥದ್ದಾದ್ದರಿಂದ ಬೇಗ ಹಾರಿಹೋಗುತ್ತದೆ. ಎರಡನೆಯದು 126 ಡಿಗ್ರಿಯಲ್ಲಿ ಕುದಿಯುವುದರಿಂದ ನಿಧಾನವಾಗಿ ಆರುತ್ತದೆ ಮತ್ತು ಕುಂಚದ ಗೆರೆಗಳು ತಾವಾಗಿಯೇ ಸಮವಾಗಲು ಸಮಯ ಕೊಡುತ್ತದೆ. ದ್ರಾವಕಗಳು ಹೋದ ಮೇಲೆ ಉಗುರಿನ ಮೇಲೆ ಉಳಿಯುವ ಗಟ್ಟಿ ಪೊರೆ ನೈಟ್ರೋಸೆಲ್ಯುಲೋಸ್‌ನದು. ಪೊರೆ ಉಗುರಿಗೆ ಅಂಟಿ ನಿಲ್ಲಲು ಒಂದು ರಾಳ, ಸೀಳದಂತೆ ಬಾಗಲು ಒಂದು ಮೃದುಕಾರಿ, ಬಣ್ಣದ ಪುಡಿ ತಳ ಸೇರದಂತೆ ಹಿಡಿದಿಡಲು ಹೆಕ್ಟೊರೈಟ್ ಅಥವಾ ಬೆಂಟೊನೈಟ್ ಎಂಬ ಸಂಸ್ಕರಿಸಿದ ಜೇಡಿ, ಇವಿಷ್ಟು ಸೇರಿದರೆ ಬೇಸ್ ಆಯಿತು.

ನೈಟ್ರೋಸೆಲ್ಯುಲೋಸ್ 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಲೋಕಕ್ಕೆ ತಿಳಿಸಿದ ಸಿಡಿಹತ್ತಿಯ ಸಂಬಂಧಿ. ಹಳೆಯ ಸಿನಿಮಾ ರೀಲುಗಳು ಭುಗ್ಗನೆ ಹೊತ್ತಿ ಉರಿಯುತ್ತಿದ್ದದ್ದು ಇದೇ ವಸ್ತುವಿನಿಂದ. ಒಣಗಿದ ಸ್ಥಿತಿಯಲ್ಲಿ ಅದು ಒಂದು ಕಿಡಿಗೆ, ಒಂದು ಬಲವಾದ ಉಜ್ಜುವಿಕೆಗೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಅದನ್ನು ಬಿಡಿಯಾಗಿ ತಂದು ಅಡುಗೆಮನೆಯಲ್ಲಿ ಕರಗಿಸುವ ವಿಧಾನಗಳನ್ನು ಎಲ್ಲಿಯೇ ನೋಡಿದರೂ ಅನುಸರಿಸಬಾರದು. ಯುವಿ ದೀಪದ ಕೆಳಗೆ ಗಟ್ಟಿಯಾಗುವ ಜೆಲ್ ಪಾಲಿಶ್ ಅನ್ನೂ ಮನೆಯಲ್ಲಿ ಬೆರೆಸಬಾರದು. ಅದರಲ್ಲಿ ಪೂರ್ತಿ ಗಟ್ಟಿಯಾಗದೆ ಉಳಿದ ಅಕ್ರಿಲೇಟ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿ ಹತ್ತಿತೆಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ.

ಕೊಳ್ಳಬೇಕಾದ ವಸ್ತುಗಳು

ಸೌಂದರ್ಯವರ್ಧಕಗಳ ಕಚ್ಚಾವಸ್ತು ಮಾರುವವರಲ್ಲಿ ‘ಸಸ್ಪೆನ್ಷನ್ ಬೇಸ್’ ಎಂದು ಕೇಳಬೇಕು. ಇದರ ಬದಲು ಅಂಗಡಿಯ ಬಣ್ಣರಹಿತ ಟಾಪ್ ಕೋಟ್ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಸಂಜೆ ಬೆರೆಸಿಟ್ಟ ಬಣ್ಣ ಬೆಳಗಾಗುವಷ್ಟರಲ್ಲಿ ಬಾಟಲಿಯ ತಳದಲ್ಲಿ ಗಸಿಯಂತೆ ಕೂತು, ಮೇಲೆ ತಿಳಿನೀರಿನಂಥ ದ್ರವ ನಿಂತಿತ್ತು. ಕಬ್ಬಿಣದ ಆಕ್ಸೈಡಿನ ಸಾಂದ್ರತೆ ಬೇಸಿನ ಸುಮಾರು ಐದು ಪಟ್ಟು ಇರುವುದರಿಂದ ಅದು ಮುಳುಗುವುದು ಸಹಜ. ಸಸ್ಪೆನ್ಷನ್ ಬೇಸ್‌ನಲ್ಲಿರುವ ಜೇಡಿಯ ಗುಣವೆಂದರೆ, ಸುಮ್ಮನೆ ಬಿಟ್ಟಾಗ ಅದು ಲೋಳೆಯಂತೆ ಗಟ್ಟಿಯಾಗಿ ಪುಡಿಯನ್ನು ನಡುವೆಯೇ ಹಿಡಿದಿಡುತ್ತದೆ, ಅಲುಗಿಸಿದಾಗ ಮತ್ತೆ ತೆಳುವಾಗಿ ಹರಿಯುತ್ತದೆ. ಎರಡನ್ನೂ ಗುರುತಿಸುವುದು ಸುಲಭ: ಬಾಟಲಿಯನ್ನು ಬೋರಲು ಮಾಡಿದಾಗ ಟಾಪ್ ಕೋಟ್‌ನಲ್ಲಿ ಗಾಳಿಗುಳ್ಳೆ ಸರ್ರನೆ ಮೇಲೇರುತ್ತದೆ, ಸಸ್ಪೆನ್ಷನ್ ಬೇಸ್‌ನಲ್ಲಿ ತಡವರಿಸಿಕೊಂಡು ಏರುತ್ತದೆ, ಮತ್ತು ಈ ಬೇಸ್ ಸ್ವಲ್ಪ ಮಸುಕಾಗಿಯೂ ಇರುತ್ತದೆ. ಕೊಳ್ಳುವಾಗ ಟಾಲ್ವೀನ್, ಫಾರ್ಮಾಲ್ಡಿಹೈಡ್ ಮತ್ತು ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಹಾನಿಕರ ರಾಸಾಯನಿಕಗಳು ಇಲ್ಲದ ಬೇಸನ್ನೇ ಆರಿಸಿ, ಅದರ ಸುರಕ್ಷತಾ ವಿವರಪತ್ರವನ್ನು ಕೇಳಿ ಪಡೆಯಿರಿ. ಇದು ಬೇಗ ಹೊತ್ತಿಕೊಳ್ಳುವ ಸರಕಾದ್ದರಿಂದ ವಿಮಾನದಲ್ಲಿ ಕಳುಹಿಸಲು ಕಟ್ಟುನಿಟ್ಟಿನ ನಿಯಮಗಳಿವೆ. ರಸ್ತೆಯ ಮೂಲಕವೇ ತರಿಸುವುದಾದರೆ ಕೆಲವು ದಿನ ಹೆಚ್ಚು ಹಿಡಿಯುತ್ತದೆ.

ಬಣ್ಣದ ಪುಡಿಗಳ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಚೀಟಿಯ ಮೇಲೆ ಬಣ್ಣದ ಅಂತರರಾಷ್ಟ್ರೀಯ ಸೂಚ್ಯಂಕ ಸಂಖ್ಯೆ, ಅಂದರೆ ಸಿ.ಐ. ಸಂಖ್ಯೆ, ಇರಬೇಕು: ಕೆಂಪು ಕಬ್ಬಿಣದ ಆಕ್ಸೈಡ್ 77491, ಹಳದಿ 77492, ಕಪ್ಪು 77499, ಬಿಳಿಯ ಟೈಟಾನಿಯಂ ಡೈಆಕ್ಸೈಡ್ 77891. ನೀಲಿ ಬೇಕಾದವರಿಗೆ ಅಲ್ಟ್ರಾಮರೀನ್ 77007, ಮಿನುಗು ಬೇಕಾದವರಿಗೆ ಮೈಕಾ 77019 ಇವೆ. ಸಂಖ್ಯೆಯ ಜೊತೆಗೆ ಪುಡಿ ಸೌಂದರ್ಯವರ್ಧಕ ದರ್ಜೆಯದು ಎಂದೂ ನಮೂದಾಗಿರಬೇಕು. ಹಾರ್ಡ್‌ವೇರ್ ಅಂಗಡಿಯ ನೆಲದ ರೆಡ್ ಆಕ್ಸೈಡ್ ಪುಡಿ ಹೆಸರಿನಲ್ಲಿ ಅದೇ ವಸ್ತುವಾದರೂ, ಅದರಲ್ಲಿ ಸೀಸ, ಆರ್ಸೆನಿಕ್‌ನಂಥ ಕಲ್ಮಶಗಳು ಎಷ್ಟಿವೆ ಎಂದು ಮೈಗೆ ಹಚ್ಚುವ ವಸ್ತುವಿಗೆ ತಕ್ಕಂತೆ ಪರೀಕ್ಷೆ ಮಾಡಿರುವುದಿಲ್ಲ. ಅಜ್ಜಿಮನೆಯ ನೆಲದ ಮೇಲೆ ಎಷ್ಟೇ ಪ್ರೀತಿಯಿದ್ದರೂ ಆ ಪುಡಿ ಉಗುರಿಗೆ ಬೇಡ.

ದೇವರ ಮನೆಯ ಕುಂಕುಮ, ಅಡುಗೆಯ ಅರಿಶಿನ, ಬೀಟ್‌ರೂಟ್ ಪುಡಿ, ರಂಗೋಲಿ ಪುಡಿ, ಬಟ್ಟೆಗೆ ಹಾಕುವ ಬಣ್ಣ, ಇವುಗಳನ್ನು ಬಳಸುವ ಸಲಹೆಗಳು ಬಹಳ ಕೇಳಿಬರುತ್ತವೆ. ಇವುಗಳಲ್ಲಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅರಿಶಿನದ ಬಣ್ಣ ದ್ರಾವಕದಲ್ಲಿ ಕರಗಿ ಉಗುರಿನೊಳಕ್ಕೆ ಇಳಿಯುತ್ತದೆ, ಬೆಳಕಿಗೆ ಮಾಸುತ್ತದೆ. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಮಾತ್ರ ಕರಗುವುದರಿಂದ ಇಲ್ಲಿ ಮುದ್ದೆಗಟ್ಟುತ್ತದೆ. ರಂಗೋಲಿ ಪುಡಿ ಎಷ್ಟು ಅರೆದರೂ ಮರಳಿನಂತೆ ಉಳಿಯುತ್ತದೆ. ಮಾರುಕಟ್ಟೆಯ ಕುಂಕುಮದಲ್ಲಿ ಯಾವ ಬಣ್ಣ ಸೇರಿದೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ಕರಗುವ ಬಣ್ಣಕ್ಕೂ ಕರಗದೆ ತೇಲುವ ಬಣ್ಣದ ಪುಡಿಗೂ ಇರುವ ಈ ವ್ಯತ್ಯಾಸವೇ ನೇಲ್ ಪಾಲಿಶ್‌ನ ಚರಿತ್ರೆಯನ್ನು ತಿರುಗಿಸಿತು: 1932ರಲ್ಲಿ ಅಮೆರಿಕದಲ್ಲಿ ಆರಂಭವಾದ ರೆವ್ಲಾನ್ ಸಂಸ್ಥೆ ಕರಗುವ ಬಣ್ಣದ ಬದಲು ಪುಡಿಬಣ್ಣ ಬಳಸಿದ ದಟ್ಟ ಪಾಲಿಶ್ ಒಂದರಿಂದಲೇ ಬೆಳೆಯಿತು. ಹಳೆಯ ಐಶ್ಯಾಡೋವನ್ನು ಪುಡಿಮಾಡಿ ಹಾಕುವುದು ಅಷ್ಟು ಅಪಾಯಕಾರಿಯಲ್ಲ, ಆದರೆ ಅದರಲ್ಲಿರುವ ಟಾಲ್ಕ್ ಮತ್ತು ಎಣ್ಣೆಯ ಅಂಶದಿಂದ ಪೊರೆ ಮಂಕಾಗಿ, ಬೇಗ ಸಿಪ್ಪೆ ಏಳುತ್ತದೆ.

ಉಳಿದ ಸಲಕರಣೆಗಳು ಹೆಚ್ಚಿಲ್ಲ. ಕುಂಚವಿರುವ 10 ಮಿಲಿಲೀಟರಿನ ಹೊಸ ಗಾಜಿನ ಬಾಟಲಿ, ಆಭರಣ ತೂಗುವ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಪಿಂಗಾಣಿಯ ಕುಟ್ಟಾಣಿ, ಗಾಜಿನ ಅಳತೆಯ ಪಾತ್ರೆ, ಈಥೈಲ್ ಮತ್ತು ಬ್ಯೂಟೈಲ್ ಅಸಿಟೇಟ್ ಇರುವ ನೇಲ್ ಪಾಲಿಶ್ ಥಿನ್ನರ್, ಬೆಣ್ಣೆ ಕಾಗದ, ಮತ್ತು ಬಾಟಲಿಯೊಳಗೆ ಬಣ್ಣ ಕದಡಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ನಾಲ್ಕೈದು ಮಿಲಿಮೀಟರ್ ಗಾತ್ರದ ಗುಂಡುಗಳು ಸಾಕು. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ತುಕ್ಕು ಹಿಡಿದು ಬಣ್ಣವನ್ನು ಕೆಡಿಸುತ್ತವೆ. ತೆಳುವಾದ ಪ್ಲಾಸ್ಟಿಕ್ ಲೋಟವನ್ನು ಅಳತೆಗೆ ಬಳಸಲೇಬಾರದು. ಈ ದ್ರಾವಕಗಳಿಗೆ ಅಂಥ ಲೋಟದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ನೋಡನೋಡುತ್ತಿದ್ದಂತೆ ಮೆತ್ತಗಾಗಿ ಕುಸಿಯುತ್ತದೆ, ಕೆಳಗಿನ ಮೇಜಿನ ಮೆರುಗೂ ಹೋಗುತ್ತದೆ.

ಕುಳಿತುಕೊಳ್ಳುವ ಜಾಗ

ಈಥೈಲ್ ಅಸಿಟೇಟ್‌ನ ಜ್ವಲನಬಿಂದು ಸೊನ್ನೆಗಿಂತ 4 ಡಿಗ್ರಿ ಕೆಳಗೆ. ಅಂದರೆ ನಮ್ಮ ಊರಿನ ಎಂಥ ಚಳಿಗಾಲದಲ್ಲೂ ಅದರ ಆವಿ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಆ ಆವಿ ಗಾಳಿಯ ಸುಮಾರು ಮೂರು ಪಟ್ಟು ಭಾರ. ಮೇಲೇರಿ ಹೋಗದೆ ನೆಲದ ಮೇಲೆ ಹರಡಿಕೊಂಡು ಪಕ್ಕದ ಕೋಣೆಯ ಕಿಡಿಯನ್ನೂ ತಲುಪಬಲ್ಲದು. ನಮ್ಮ ಮನೆಗಳಲ್ಲಿ ಗ್ಯಾಸ್ ಒಲೆಯನ್ನು ನೆನಪಿಟ್ಟುಕೊಂಡು ಆರಿಸುವವರೂ ದೇವರ ಮುಂದಿನ ದೀಪ, ಊದುಬತ್ತಿ, ಮೂಲೆಯಲ್ಲಿ ಹೊಗೆಯಾಡುವ ಸೊಳ್ಳೆ ಬತ್ತಿ ಇವನ್ನು ಮರೆಯುತ್ತಾರೆ. ಇವೆಲ್ಲ ಆರಿದ ಮೇಲೆಯೇ ಬಾಟಲಿಯ ಮುಚ್ಚಳ ತೆಗೆಯಬೇಕು. ಎರಡೂ ಕಡೆ ಕಿಟಕಿ ತೆರೆದ ಕೋಣೆ ಅಥವಾ ನೆರಳಿರುವ ಬಾಲ್ಕನಿ ಒಳ್ಳೆಯದು. ಒಂದು ಸಲಕ್ಕೆ ಬೇಕಾದಷ್ಟು ಬೇಸನ್ನು ಮಾತ್ರ ಮೇಜಿನ ಮೇಲಿಟ್ಟುಕೊಂಡು ಉಳಿದದ್ದನ್ನು ದೂರವಿಡಿ. ಕೈಗೆಟಕುವಂತೆ ಒಂದು ಪಾತ್ರೆ ಒಣ ಮರಳು ಇರಲಿ.

ಪುಡಿ ಅರೆಯುವಾಗ ಎನ್95 ಮಾಸ್ಕ್ ಧರಿಸಬೇಕು, ಆದರೆ ಅದು ಧೂಳನ್ನಷ್ಟೇ ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ. ಆವಿಗೆ ಗಾಳಿಯಾಟವೊಂದೇ ಮದ್ದು. ತಲೆ ಸುತ್ತಿದಂತಾದರೆ ಅಥವಾ ಗಂಟಲು ಕೆರೆದರೆ ಮುಚ್ಚಳ ಹಾಕಿ ಹೊರಗೆ ಹೋಗಿ. ಆಸ್ತಮಾ ಇರುವವರು, ಗರ್ಭಿಣಿಯರು ಬೆರೆಸುವ ಕೆಲಸವನ್ನು ತಾವು ಮಾಡದಿರುವುದು ಲೇಸು, ಮಕ್ಕಳಂತೂ ಆ ಕೋಣೆಯಲ್ಲಿ ಇರಬಾರದು. ಜೋರು ಮಳೆಯ ದಿನ ಈ ಕೆಲಸಕ್ಕೆ ಕೂರಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ತಯಾರಿಸುವ ಕ್ರಮ

ಮೊದಲ ಹಂತ ಒಣಪುಡಿಯ ಮಿಶ್ರಣ. ಒಂದು ಬಾಟಲಿಗೆ ಬೇಕಾದ ಕಪ್ಪು 0.01 ಗ್ರಾಂನಷ್ಟು ಮಾತ್ರ; ಅಷ್ಟನ್ನು ಚಿಕ್ಕ ತಕ್ಕಡಿಯಲ್ಲಿ ನಂಬಿಕೆಯಿಂದ ತೂಗಲಾಗುವುದಿಲ್ಲ. ಆದ್ದರಿಂದ ಹತ್ತು ಬಾಟಲಿಗೆ ಆಗುವಷ್ಟು ಮಿಶ್ರಣವನ್ನು ಒಮ್ಮೆಗೇ ಮಾಡಿಟ್ಟುಕೊಳ್ಳುವುದು ಜಾಣತನ. ಗಾರೆ ನೆಲದ ಕೆಂಪಿಗೆ ನನ್ನ ಲೆಕ್ಕ ಹೀಗಿದೆ: ಕೆಂಪು 2.2 ಗ್ರಾಂ, ಹಳದಿ 0.5 ಗ್ರಾಂ, ಬಿಳಿ 0.2 ಗ್ರಾಂ, ಕಪ್ಪು 0.1 ಗ್ರಾಂ, ಒಟ್ಟು 3 ಗ್ರಾಂ. ಕಪ್ಪನ್ನು ಮಾತ್ರ ಕೊನೆಗೆ, ಅದೂ ಎರಡು ಕಂತಿನಲ್ಲಿ ಹಾಕಿ. ಅದು ಹೆಚ್ಚಾದರೆ ಬಣ್ಣ ಕಾಫಿಬೀಜದ ಕಡೆಗೆ ಹೋಗಿಬಿಡುತ್ತದೆ, ಹಿಂದಕ್ಕೆ ತರುವುದು ಕಷ್ಟ.

ಇದನ್ನು ಕುಟ್ಟಾಣಿಯಲ್ಲಿ ಕುಟ್ಟದೆ, ಒತ್ತಿ ತಿರುಗಿಸುತ್ತ ಹತ್ತು ನಿಮಿಷ ಅರೆಯಬೇಕು. ಅರೆಯುತ್ತಿದ್ದಂತೆ ಬಣ್ಣ ಬದಲಾಗುವುದನ್ನು ಗಮನಿಸಿ. ಮೊದಲು ಹಳದಿಯ ಗೆರೆಗಳು ಕಾಣುತ್ತವೆ, ಆಮೇಲೆ ಅವು ಮಾಯವಾಗುತ್ತವೆ, ಮುಗಿಯಿತು ಎಂದುಕೊಂಡಾಗ ಒಂದು ಚಿಟಿಕೆಯನ್ನು ಬಿಳಿಯ ಕಾಗದದ ಮೇಲಿಟ್ಟು ಚಮಚದ ಬೆನ್ನಿನಿಂದ ಎಳೆದರೆ ಒಳಗೆ ಅಡಗಿದ್ದ ಹಳದಿ ಚುಕ್ಕೆಗಳು ಮತ್ತೆ ಬಾಲ ಬಿಟ್ಟುಕೊಂಡು ಹೊರಬರುತ್ತವೆ. ಎಳೆದ ಗೆರೆ ಉದ್ದಕ್ಕೂ ಒಂದೇ ಬಣ್ಣವಾಗುವ ತನಕ ಅರೆಯುವುದನ್ನು ನಿಲ್ಲಿಸಬೇಡಿ. ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಭಾರದ ಉರುಳೆಗಳ ಗಿರಣಿ ಮಾಡುತ್ತದೆ. ನಮ್ಮಲ್ಲಿ ಅದಿಲ್ಲದ ಕೊರತೆಯನ್ನು ತಾಳ್ಮೆಯೇ ತುಂಬಬೇಕು. ಮನೆಯಲ್ಲಿ ಮಾಡಿದ ಪಾಲಿಶ್ ತರಿತರಿಯಾಯಿತು ಎನ್ನುವ ದೂರಿನ ಬುಡ ಬಹುತೇಕ ಈ ಹಂತದಲ್ಲಿಯೇ ಇರುತ್ತದೆ.

ಎರಡನೆಯ ಹಂತದಲ್ಲಿ ಬಾಟಲಿಯನ್ನು ಅಣಿಮಾಡಬೇಕು. ಹೊಸದಾದರೂ ಒಳಗೆ ಸ್ವಲ್ಪ ಅಸಿಟೋನ್ ಹಾಕಿ ಕುಲುಕಿ ಚೆಲ್ಲಿ, ಬೋರಲಿಟ್ಟು ಪೂರ್ತಿ ಒಣಗಿಸಿ. ನೀರಿನಲ್ಲಿ ತೊಳೆದರೆ ಉಳಿಯುವ ಒಂದು ಹನಿಯೂ ಬೇಸನ್ನು ಹಾಲಿನಂತೆ ಒಡೆಸಬಹುದು. ಸ್ಟೀಲ್ ಗುಂಡುಗಳನ್ನೂ ಹಾಗೆಯೇ ಶುಚಿಮಾಡಿ, ಬಾಟಲಿಯನ್ನು ಓರೆ ಹಿಡಿದು ಎರಡನ್ನು ಮೆಲ್ಲಗೆ ಜಾರಿಸಿ. ಎತ್ತರದಿಂದ ಬಿಟ್ಟರೆ ಗಾಜಿನ ತಳ ಸೀಳುತ್ತದೆ.

ಮೂರನೆಯ ಹಂತ ಪುಡಿಯನ್ನು ನೆನೆಸುವುದು. ಬಾಟಲಿಗೆ 3 ಮಿಲಿಲೀಟರಿನಷ್ಟು ಬೇಸ್ ಹಾಕಿ, ಅದರ ಮೇಲೆ ಬೆಣ್ಣೆ ಕಾಗದವನ್ನು ಮಡಿಸಿ ಮಾಡಿದ ಸಣ್ಣ ಕಾಲುವೆಯಿಂದ 0.27 ಗ್ರಾಂ ಮಿಶ್ರಣವನ್ನು ಸುರಿಯಿರಿ. ಇಡೀ ಬಾಟಲಿಯ ಲೆಕ್ಕದಲ್ಲಿ ಇದು ಶೇ 3ರ ಆಸುಪಾಸು. ಪಾಲಿಶ್‌ಗಳಲ್ಲಿ ಬಣ್ಣದ ಪುಡಿ ಸಾಮಾನ್ಯವಾಗಿ ಶೇ 1ರಿಂದ 5ರೊಳಗೆ ಇರುತ್ತದೆ. ಮೂರು ನಾಲ್ಕು ಹನಿ ಥಿನ್ನರ್ ಸೇರಿಸಿ, ಮುಚ್ಚಳ ಬಿಗಿದು, ಬಾಟಲಿಯನ್ನು ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಐದು ನಿಮಿಷ ತಿರುಗಿಸಿ. ಒಂದು ಗಂಟೆ ಬಿಟ್ಟು ಮತ್ತೆ ಐದು ನಿಮಿಷ. ಬೆಳಕಿಗೆ ಹಿಡಿದು ನೋಡಿದಾಗ ಗಾಜಿನ ಗೋಡೆಯ ಮೇಲೆ ಇಳಿಯುವ ಪದರ ಸಾಣೆಕಲ್ಲಿನ ಮೇಲೆ ತೇಯ್ದ ಗಂಧದಷ್ಟು ನುಣ್ಣಗೆ ಕಾಣಬೇಕು. ಚುಕ್ಕೆಗಳಿದ್ದರೆ ಇನ್ನೊಂದು ಸುತ್ತು ತಿರುಗಿಸಿ.

ನಾಲ್ಕನೆಯ ಹಂತದಲ್ಲಿ ಬೇಸನ್ನು ಒಟ್ಟು 9 ಮಿಲಿಲೀಟರಿಗೆ ತುಂಬಿಸಿ. ಕುಂಚ ಇಳಿಯಲು ಮತ್ತು ಬಿಸಿಲುಗಾಲದಲ್ಲಿ ದ್ರವ ಹಿಗ್ಗಲು ಮೇಲೆ ಜಾಗವಿರಬೇಕು. ಮತ್ತೆ ತಿರುಗಿಸಿ, ಒಂದು ದಿನ ಪೂರ್ತಿ ಬಿಟ್ಟುಬಿಡಿ. ಈ ಕಾಯುವಿಕೆಯಲ್ಲಿ ಗುಳ್ಳೆಗಳು ಮೇಲೇರಿ ಒಡೆಯುತ್ತವೆ, ಪುಡಿಯ ಕಣಗಳು ಚೆನ್ನಾಗಿ ನೆನೆಯುತ್ತವೆ. ಮರುದಿನ ಬಣ್ಣ ಹಿಂದಿನ ದಿನಕ್ಕಿಂತ ದಟ್ಟವಾಗಿ ಕಾಣುವುದು ಇದರಿಂದಲೇ.

ಐದನೆಯದು ಪರೀಕ್ಷೆ. ಅರ್ಧ ಕಪ್ಪು, ಅರ್ಧ ಬಿಳಿ ಇರುವ ನುಣುಪಾದ ಕಾರ್ಡಿನ ಮೇಲೆ ಎರಡು ಪದರ ಹಚ್ಚಿ ಒಣಗಲು ಬಿಡಿ. ಕಪ್ಪು ಬಿಳಿಗಳ ಗಡಿ ಬಣ್ಣದಡಿಯಲ್ಲಿ ಕಾಣದಿದ್ದರೆ ದಟ್ಟಣೆ ಸಾಕು; ಕಂಡರೆ 0.05 ಗ್ರಾಂ ಮಿಶ್ರಣ ಸೇರಿಸಿ ಮತ್ತೆ ತಿರುಗಿಸಿ. ಬಣ್ಣದ ತೀರ್ಮಾನವನ್ನು ಒಣಗಿದ ಮೇಲೆ, ಹಗಲು ಬೆಳಕಿನಲ್ಲಿ ಮಾಡಿ.

ತೊಂದರೆಗಳು ಮತ್ತು ಪರಿಹಾರ

ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಕಾಡುವ ದೊಡ್ಡ ತೊಂದರೆ ಬೂದುಬಣ್ಣದ ಮಸುಕು. ದ್ರಾವಕ ಬೇಗ ಹಾರುವಾಗ ಪದರದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಂತೆ ಕೂತು ಪೊರೆಯನ್ನು ಮಂಕಾಗಿಸುತ್ತದೆ. ಫ್ಯಾನಿನ ಕೆಳಗೆ ಕೂತು ಬೇಗ ಒಣಗಿಸಲು ಹೋದರೆ ಇದು ಇನ್ನೂ ಹೆಚ್ಚುತ್ತದೆ. ತೆಳುವಾದ ಪದರಗಳನ್ನು ಹಚ್ಚಿ, ಫ್ಯಾನ್ ಇಲ್ಲದೆ ನಿಧಾನವಾಗಿ ಒಣಗಲು ಬಿಡುವುದು, ಬ್ಯೂಟೈಲ್ ಅಸಿಟೇಟ್ ಹೆಚ್ಚಿರುವ ಥಿನ್ನರ್ ಒಂದೆರಡು ಹನಿ ಸೇರಿಸುವುದು ಇದಕ್ಕೆ ಪರಿಹಾರ.

ಪಾಲಿಶ್ ಗಟ್ಟಿಯಾದಾಗ ಅಸಿಟೋನ್ ಅಥವಾ ರಿಮೂವರ್ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಆ ಕ್ಷಣಕ್ಕೆ ತೆಳುಮಾಡಿದರೂ ಜೇಡಿಯ ಹಿಡಿತವನ್ನು ಕೆಡಿಸುತ್ತದೆ, ಆರಿದ ಪೊರೆಯೂ ಪೆಡಸಾಗುತ್ತದೆ. ಥಿನ್ನರನ್ನೇ, ಅದೂ ಎರಡೆರಡು ಹನಿಯಂತೆ, ಬಳಸಬೇಕು. ಮಿನುಗಿಗಾಗಿ ಕರಕುಶಲ ಅಂಗಡಿಯ ಗ್ಲಿಟರ್ ಹಾಕಿದರೆ ಅದರ ಬಣ್ಣ ಕೆಲವೇ ದಿನಗಳಲ್ಲಿ ದ್ರಾವಕಕ್ಕೆ ಬಿಟ್ಟುಕೊಂಡು ಇಡೀ ಬಾಟಲಿ ಕಲೆಯಾಗುತ್ತದೆ. ದ್ರಾವಕ ತಾಳುವ ಗ್ಲಿಟರ್ ಎಂದು ಕೇಳಿಯೇ ತನ್ನಿ.

ಹಚ್ಚುವುದು, ಕಾಯುವುದು

ಉಗುರಿನ ಎಣ್ಣೆಯಂಶವನ್ನು ರಿಮೂವರ್‌ನಿಂದ ಒರೆಸಿ, ಮೊದಲು ಅಂಗಡಿಯಲ್ಲಿ ಸಿಗುವ ಬಣ್ಣರಹಿತ ಬೇಸ್ ಕೋಟ್ ಹಚ್ಚಲೇಬೇಕು. ಇದಿಲ್ಲದೆ ಕೆಂಪು ಹಚ್ಚಿದರೆ ಉಗುರಿಗೆ ಕಲೆ ಹತ್ತುವ ಸಾಧ್ಯತೆಯಿದೆ, ಆ ಕಲೆ ಬೆಳೆದೇ ಹೋಗಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಬಣ್ಣದ ಎರಡು ತೆಳು ಪದರ, ನಡುವೆ ಮೂರು ನಿಮಿಷ, ಮೇಲೆ ಟಾಪ್ ಕೋಟ್. ಕೈಗೆ ಅಂಟದಂತೆ ಹತ್ತು ನಿಮಿಷಕ್ಕೇ ಒಣಗಿದರೂ ಒಳಗಿನ ಪದರ ಗಟ್ಟಿಯಾಗಲು ಗಂಟೆಗಳು ಹಿಡಿಯುತ್ತವೆ.

ಅಲರ್ಜಿಯ ವಿಷಯದಲ್ಲಿ ಒಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು. ನೇಲ್ ಪಾಲಿಶ್‌ನ ರಾಳಕ್ಕೆ ಅಲರ್ಜಿ ಇರುವವರಲ್ಲಿ ತುರಿಕೆ ಅನೇಕ ವೇಳೆ ಬೆರಳಿನಲ್ಲಿ ಕಾಣದೆ, ಕಣ್ಣುರೆಪ್ಪೆ ಮತ್ತು ಕತ್ತಿನ ಮೇಲೆ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಬೆರಳು ದಿನವಿಡೀ ಅಲ್ಲೆಲ್ಲ ತಾಗುತ್ತಿರುತ್ತದೆ. ಆದ್ದರಿಂದ ಮೊದಲ ಸಲ ಒಂದೇ ಉಗುರಿಗೆ ಹಚ್ಚಿ ಎರಡು ಮೂರು ದಿನ ನೋಡಿ. ರೆಪ್ಪೆ ಊದಿದರೆ ಕಣ್ಣಿನ ಔಷಧ ಹುಡುಕುವ ಮೊದಲು ಉಗುರಿನ ಬಣ್ಣವನ್ನು ತೆಗೆದು, ಚರ್ಮವೈದ್ಯರಿಗೆ ಅದನ್ನು ತಿಳಿಸಿ.

ಹಟ ಮಾಡುವ ಪುಟ್ಟ ಮಕ್ಕಳಿಗೆ ಈ ಬಾಟಲಿ ಬೇಡ. ಆಷಾಢದಲ್ಲಿ ಮದರಂಗಿ ಸೊಪ್ಪನ್ನು ನುಣ್ಣಗೆ ಅರೆದು ಬೆರಳ ತುದಿಗೆ ಮೆತ್ತುವ ನಮ್ಮ ಹಳೆಯ ಕ್ರಮವಿದೆ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಉಗುರಿನ ಕೆರಾಟಿನ್‌ಗೇ ಹಿಡಿದುಕೊಳ್ಳುವುದರಿಂದ ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೊಪ್ಪು ಮನೆಯಲ್ಲೇ ಅರೆದದ್ದಾಗಿರಬೇಕು. ಕಪ್ಪು ಮೆಹೆಂದಿ ಎಂದು ಮಾರುವ ಕೋನ್‌ಗಳಲ್ಲಿ ಚರ್ಮವನ್ನು ಸುಡುವಂಥ ಕೂದಲಬಣ್ಣದ ರಾಸಾಯನಿಕ ಇರಬಹುದು.

ಇಟ್ಟುಕೊಳ್ಳುವುದು

ಬಾಟಲಿಯ ಬಾಯಿಯನ್ನು ಪ್ರತಿ ಸಲ ರಿಮೂವರ್ ಅದ್ದಿದ ಹತ್ತಿಯಿಂದ ಒರೆಸಿ ಮುಚ್ಚಿ, ತಂಪಾದ ಕತ್ತಲೆಯ ಜಾಗದಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಬಿಡಬೇಡಿ. ಕೆಟ್ಟುಹೋದದ್ದನ್ನು ಸಿಂಕಿಗೆ ಸುರಿಯದೆ, ಹೊರಗೆ ಹಳೆಯ ಕಾಗದದ ಮೇಲೆ ಬೆಂಕಿಯಿಂದ ದೂರದಲ್ಲಿ ಒಣಗಿಸಿ, ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿಯೇ ಕೊಡಿ. ಗೆಳತಿಯರಿಗೆ ಇಷ್ಟವಾಗಿ ಮಾರುವ ಯೋಚನೆ ಬಂದರೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ಮನೆಯ ಮೇಜಿನ ಮೇಲೆ ಬೆರೆಸಿದ್ದನ್ನು ಹಾಗೆಯೇ ಮಾರುವಂತಿಲ್ಲ.

ಕೊನೆಯದಾಗಿ, ಬಾಟಲಿಯ ತಳಕ್ಕೆ ಒಂದು ಚೀಟಿ ಅಂಟಿಸಿ ದಿನಾಂಕ, ಪ್ರತಿ ಪುಡಿಯ ತೂಕ ಮತ್ತು ಬೇಸ್ ಕೊಂಡ ತಿಂಗಳನ್ನು ಬರೆದಿಡಿ. ನನ್ನ ಮೂರನೆಯ ಬಾಟಲಿಯ ಚೀಟಿಯಲ್ಲಿ, ಹತ್ತು ಬಾಟಲಿಯ ಮಿಶ್ರಣದ ಲೆಕ್ಕದಲ್ಲಿ, ‘ಕಪ್ಪು 0.1, ಹಳದಿ 0.5’ ಎಂದಿದೆ. ಅದನ್ನು ಹಚ್ಚಿಕೊಂಡು ಅಜ್ಜಿಮನೆಗೆ ಹೋಗಿ, ಕಿಟಕಿಯ ಬಿಸಿಲು ಬೀಳುವ ಮೂಲೆಯಲ್ಲಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದೆ. ಹೆಬ್ಬೆರಳಿನ ಉಗುರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೊಳಪಿನ ಅಂಚೊಂದೇ ತೋರಿಸುತ್ತಿತ್ತು.